ಮೂರು ಕೀಲಿಕೈಗಳ ಪೆಟ್ಟಿಗೆ: ಸಾಮೂಹಿಕ ಹಣಕ್ಕೆ ಬಹುಸಹಿ ವಾಲೆಟ್

ಊರಿನ ಭಜನಾ ಮಂದಿರವಿರಲಿ, ಶಾಲೆಯ ರಕ್ಷಕ-ಶಿಕ್ಷಕ ಸಂಘವಿರಲಿ, ಹತ್ತು ಜನರ ಹಣವನ್ನು ಒಬ್ಬರ ಕೈಯಲ್ಲಿಯೇ ಇರಿಸುವುದು ಸರಿಯಲ್ಲವೆಂದು ನಾವೆಲ್ಲರೂ ಬಲ್ಲೆವು. ಅದಕ್ಕಾಗಿಯೇ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆದು, ಚೆಕ್ಕಿಗೆ ಇಬ್ಬರ ರುಜು ಬೇಕೆಂದು ನಿರ್ಣಯ ಪುಸ್ತಕದಲ್ಲಿ ಬರೆದಿಡುತ್ತೇವೆ. ಕ್ರಿಪ್ಟೋ ಕರೆನ್ಸಿ ಎಂಬ ಹೊಸ ಬಗೆಯ ಹಣದಲ್ಲಿಯೂ ಇದೇ ಪದ್ಧತಿ ಬೇರೊಂದು ರೂಪದಲ್ಲಿ ಬಳಕೆಗೆ ಬಂದಿದೆ. ಅದುವೇ ಬಹುಸಹಿ ವಾಲೆಟ್, ಅಂದರೆ ಮಲ್ಟಿಸಿಗ್. ಓದು, ಉದ್ಯೋಗಗಳಿಗಾಗಿ ದೂರದ ನಗರಗಳಿಗೆ ತೆರಳಿದ ನಮ್ಮ ಮಕ್ಕಳ ಮಾತಿನಲ್ಲಿ ಈ ಹೆಸರು ಕೇಳಿಬರುತ್ತಿರುವಾಗ ಹಿರಿಯರೂ ಅದರ ಒಳಹೊರಗನ್ನು ತಿಳಿದಿರುವುದು ಒಳಿತು.

ಒಬ್ಬನೇ ಹಿಡಿದ ಕೀಲಿಕೈ

2009ರಲ್ಲಿ ಆರಂಭವಾದ ಬಿಟ್‌ಕಾಯಿನ್‌ನ ಹಿಂದೆ ಯಾವ ಬ್ಯಾಂಕೂ ಇಲ್ಲ. ಹಣದ ಒಡೆತನವನ್ನು ತೀರ್ಮಾನಿಸುವುದು ಒಂದು ಗುಪ್ತ ಸಂಖ್ಯೆ. ಅದನ್ನು ಸಾಮಾನ್ಯವಾಗಿ 12 ಅಥವಾ 24 ಇಂಗ್ಲಿಷ್ ಪದಗಳ ರೂಪದಲ್ಲಿ ಬರೆದಿಡುತ್ತಾರೆ. ಆ ಪದಗಳು ಕಳ್ಳನ ಕೈಸೇರಿದರೆ ಹಣವೂ ಅವನದಾಗುತ್ತದೆ. ಕಳೆದುಹೋದರೆ ಮರಳಿ ಕೊಡಿಸುವ ಮ್ಯಾನೇಜರರಿಲ್ಲ.

ಕೆನಡಾದ ಕ್ವಾಡ್ರಿಗಾ ಸಿಎಕ್ಸ್ ಎಂಬ ವಿನಿಮಯ ಸಂಸ್ಥೆಯ ಮುಖ್ಯಸ್ಥ ಜೆರಾಲ್ಡ್ ಕಾಟನ್ 2018ರ ಡಿಸೆಂಬರಿನಲ್ಲಿ ಜೈಪುರದಲ್ಲಿ ತೀರಿಕೊಂಡರು. ಕೀಲಿಕೈಗಳನ್ನು ಬಲ್ಲವರು ಅವರೊಬ್ಬರೇ ಎಂದು ಆಗ ಹೇಳಲಾಯಿತು. ಆದರೆ ಗ್ರಾಹಕರ ಹಣದ ಬಹುಭಾಗವು ಅವರು ನಡೆಸಿದ ವಂಚನೆಯಿಂದಲೇ ಕರಗಿತ್ತೆಂದು ಒಂಟಾರಿಯೊ ಪ್ರಾಂತ್ಯದ ಷೇರು ನಿಯಂತ್ರಣ ಆಯೋಗವು 2020ರಲ್ಲಿ ವರದಿ ನೀಡಿತು. ಸಂಸ್ಥೆಯಿಂದ ಹಣ ಬರಬೇಕಿದ್ದ ಗ್ರಾಹಕರು ಸುಮಾರು 76,000 ಮಂದಿ. ಮರಣ, ಅಪ್ರಾಮಾಣಿಕತೆ ಎಂಬ ಎರಡು ಅಪಾಯಗಳೂ ಒಂದೇ ಕೈಯಲ್ಲಿ ಅಡಗಿರಬಹುದೆಂಬುದಕ್ಕೆ ಇದು ನಿದರ್ಶನ.

ಮೂವರಲ್ಲಿ ಇಬ್ಬರು

ಬಹುಸಹಿ ವಾಲೆಟ್‌ನಲ್ಲಿ ಮೂವರಿಗೆ ಮೂರು ಕೀಲಿಕೈಗಳು. ಹಣ ಹೊರಹೋಗಲು ಯಾವುದಾದರೂ ಇಬ್ಬರ ಸಹಿ ಬೇಕು. ಒಂದು ಕಳೆದರೂ ಹಣ ಉಳಿಯುತ್ತದೆ; ಒಂದು ಕಳವಾದರೂ ಕಳ್ಳನಿಗೆ ಹಣ ದಕ್ಕದು. ಮೂವರ ಸಹಿಯೂ ಕಡ್ಡಾಯವೆಂದರೆ ಒಬ್ಬರ ಮರೆವಿನಿಂದಲೇ ಎಲ್ಲವೂ ಶಾಶ್ವತವಾಗಿ ಮುಚ್ಚಿಹೋದೀತು. ಆದ್ದರಿಂದ ಸಣ್ಣ ಗುಂಪಿಗೆ ಮೂವರಲ್ಲಿ ಇಬ್ಬರು ಅಥವಾ ಐವರಲ್ಲಿ ಮೂವರು ಎಂಬ ಏರ್ಪಾಡೇ ಹೆಚ್ಚು ಯೋಗ್ಯ.

ರಚಿಸುವ ಕ್ರಮ ಹೀಗಿದೆ. ಪ್ರತಿಯೊಬ್ಬರೂ ತಮ್ಮದೇ ಸಾಧನದಲ್ಲಿ ಕೀಲಿಕೈಯನ್ನು ಸೃಷ್ಟಿಸಿಕೊಳ್ಳಬೇಕು. ಗುಪ್ತ ಪದಗಳನ್ನು ಕಾಗದದಲ್ಲಿ ಬರೆದು ಬೇರೆ ಬೇರೆ ಮನೆಗಳಲ್ಲಿ ಇರಿಸಬೇಕು. ಅದರ ಚಿತ್ರ ತೆಗೆಯುವುದಾಗಲಿ, ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವುದಾಗಲಿ ಕೂಡದು. ಸದಸ್ಯರು ಪರಸ್ಪರ ಹಂಚಿಕೊಳ್ಳುವುದು ಸಾರ್ವಜನಿಕ ಕೀಲಿಗಳನ್ನು ಮಾತ್ರ. ಬಿಟ್‌ಕಾಯಿನ್ ವಾಲೆಟ್‌ನಲ್ಲಿ ಈ ಮೂರೂ ಸಾರ್ವಜನಿಕ ಕೀಲಿಗಳ ವಿವರವನ್ನು ಎಲ್ಲರೂ ಕಾಪಿಡಬೇಕು. ಎರಡು ಗುಪ್ತ ಕೀಲಿಗಳಿದ್ದು ಮೂರನೆಯವರ ಸಾರ್ವಜನಿಕ ಕೀಲಿ ಸಿಗದಿದ್ದರೆ ವಾಲೆಟ್ಟನ್ನು ಪುನಃ ಕಟ್ಟಲಾಗದು. ಮೊದಲು ಅಲ್ಪ ಮೊತ್ತವನ್ನು ಹಾಕಿ, ಮೂರು ಜೋಡಿಗಳೂ ಒಮ್ಮೊಮ್ಮೆ ಸಹಿ ಮಾಡಿ ಹೊರತೆಗೆದು ನೋಡುವುದು ಜಾಣತನ. ಪದಾಧಿಕಾರಿಗಳು ಬದಲಾದಾಗ ಹಳೆಯ ಕಾಗದವನ್ನು ಹಸ್ತಾಂತರಿಸಿದರೆ ಸಾಲದು. ಅದರ ಪ್ರತಿ ಉಳಿದಿರಬಹುದು. ಹೊಸ ಕೀಲಿಕೈಗಳಿಂದ ಹೊಸ ವಾಲೆಟ್ ರಚಿಸಿ ಹಣವನ್ನು ಅಲ್ಲಿಗೆ ಸಾಗಿಸಬೇಕು.

ಓದದೆ ಹಾಕುವ ಸಹಿ

ಇಷ್ಟೆಲ್ಲ ಇದ್ದರೂ ಯಂತ್ರವೊಂದೇ ರಕ್ಷಣೆಯಾಗದು. 2022ರ ಮಾರ್ಚಿನಲ್ಲಿ ರೋನಿನ್ ಜಾಲದಿಂದ 60 ಕೋಟಿ ಡಾಲರಿಗೂ ಮಿಕ್ಕ ಹಣ ಕಳವಾಯಿತು. ಅಲ್ಲಿ ಒಂಬತ್ತು ಕೀಲಿಕೈಗಳಲ್ಲಿ ಐದರ ಒಪ್ಪಿಗೆ ಬೇಕಿತ್ತು. ಆದರೆ ನಾಲ್ಕು ಒಂದೇ ಸಂಸ್ಥೆಯ ವಶದಲ್ಲಿದ್ದವು. ಸಂಖ್ಯೆ ಒಂಬತ್ತಾದರೂ ಕೈಗಳು ಒಂಬತ್ತಿರಲಿಲ್ಲ.

ಭಾರತದ ವಜೀರ್‌ಎಕ್ಸ್ ಸಂಸ್ಥೆಯ ವಾಲೆಟ್‌ಗೆ ಆರು ಕೀಲಿಕೈಗಳಿದ್ದವು. ಹಣ ಸಾಗಿಸಲು ಸಂಸ್ಥೆಯ ಮೂವರ ಸಹಿಯೊಂದಿಗೆ ಮತ್ತೊಂದು ಕಂಪನಿಯ ಅಂತಿಮ ಒಪ್ಪಿಗೆಯೂ ಅಗತ್ಯವಿತ್ತು. ಆದರೂ 2024ರ ಜುಲೈ 18ರಂದು ಸುಮಾರು 23 ಕೋಟಿ ಡಾಲರ್ ಮೌಲ್ಯದ ಸಂಪತ್ತು ಕೈತಪ್ಪಿತು. ಪರದೆಯ ಮೇಲೆ ಕಂಡುದಕ್ಕೂ ವಾಸ್ತವವಾಗಿ ಸಹಿಯಾದುದಕ್ಕೂ ವ್ಯತ್ಯಾಸವಿತ್ತೆಂದು ಸಂಸ್ಥೆ ತಿಳಿಸಿತು. 2025ರ ಫೆಬ್ರವರಿಯಲ್ಲಿ ಬೈಬಿಟ್ ಸಂಸ್ಥೆಯೂ ಇದೇ ಬಗೆಯ ಮೋಸಕ್ಕೆ ಸಿಲುಕಿ ಸುಮಾರು 150 ಕೋಟಿ ಡಾಲರ್ ಕಳೆದುಕೊಂಡಿತು.

ಎರಡನೆಯ ಸಹಿಗೆ ಬೆಲೆ ಬರುವುದು ಎರಡನೆಯವರು ತಮ್ಮ ಸಾಧನದಲ್ಲಿ ವಿಳಾಸವನ್ನೂ ಮೊತ್ತವನ್ನೂ ತಾವೇ ಓದಿ, ಮೊದಲನೆಯವರಿಗೆ ದೂರವಾಣಿಯಲ್ಲಿ ಕೇಳಿ ಖಚಿತಪಡಿಸಿಕೊಂಡಾಗ ಮಾತ್ರ. ಖಾಲಿ ಚೆಕ್ಕಿಗೆ ಮೊದಲೇ ರುಜು ಹಾಕಿ ಕೊಟ್ಟಿರುವ ಅಧ್ಯಕ್ಷರಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ನಮ್ಮ ದೇಶದಲ್ಲಿ ಕ್ರಿಪ್ಟೋ ಕರೆನ್ಸಿಗೆ ಅಧಿಕೃತ ಚಲಾವಣೆಯ ಹಣದ ಸ್ಥಾನವಿಲ್ಲ. 2022ರ ಏಪ್ರಿಲ್ 1ರಿಂದ ಅದರ ವರ್ಗಾವಣೆಯ ಲಾಭಕ್ಕೆ ಶೇ. 30 ತೆರಿಗೆಯಿದೆ, ಬೆಲೆಯ ಏರಿಳಿತವೂ ವಿಪರೀತ. ಆದುದರಿಂದ ಶಾಲೆಯ ಕಟ್ಟಡ ನಿಧಿ, ಬಿಸಿಯೂಟದ ಹಣಗಳಿಗೆ ಜಂಟಿ ಬ್ಯಾಂಕ್ ಖಾತೆಯೇ ತಕ್ಕ ಸ್ಥಳ. ಇನ್ನು ಮಕ್ಕಳು ಗೆಳೆಯರೊಡನೆ ಕೂಡಿ ಇಂತಹ ವಾಲೆಟ್ ತೆರೆಯುವುದಾಗಿ ಹೇಳಿದರೆ, ಕೀಲಿಕೈಗಳು ಎಷ್ಟು, ಅವು ಯಾರ ಯಾರ ಮನೆಯಲ್ಲಿವೆ, ಒಬ್ಬರು ಇಲ್ಲದಾದಾಗ ಏನು ಗತಿ ಎಂಬ ಮೂರು ಪ್ರಶ್ನೆಗಳನ್ನು ಹೆತ್ತವರು ತಪ್ಪದೆ ಕೇಳಬೇಕು.