‘ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂದ್ರು’

ಬೈಕಿನಿಂದ ಬಿದ್ದ ಹುಡುಗ ಒಂದೆರಡು ನಿಮಿಷ ಎಚ್ಚರ ತಪ್ಪುತ್ತಾನೆ. ಎದ್ದ ಮೇಲೆ ವಾಂತಿ. ಆಸ್ಪತ್ರೆಗೆ ಒಯ್ದು ತಲೆಗೆ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ಒಂದು ರಾತ್ರಿ ಇಟ್ಟುಕೊಂಡು ಬೆಳಿಗ್ಗೆ ಡಿಸ್ಚಾರ್ಜ್. ‘ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ ಅಂದ್ರು, ದೊಡ್ಡ ಗಂಡಾಂತರ ಕಳೀತು’ ಎಂದು ಮನೆಯವರು ನೆಂಟರಿಗೆಲ್ಲ ಫೋನು ಮಾಡಿ ಹೇಳುತ್ತಾರೆ. ತಿಂಗಳು ಕಳೆದರೂ ಹುಡುಗನಿಗೆ ಓದಿದ್ದು ತಲೆಗೆ ಹತ್ತುವುದಿಲ್ಲ. ಟ್ಯೂಬ್‌ಲೈಟಿನ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಸಣ್ಣ ಮಾತಿಗೂ ಸಿಡುಕುತ್ತಾನೆ. ‘ಸ್ಕ್ಯಾನಿಂಗೇ ಸರಿಯಾಗಿದೆಯಲ್ಲೋ, ಓದೋಕೆ ನಿನಗೆ ಸೋಮಾರಿತನ’ ಎಂದು ಅಪ್ಪ ಗದರುತ್ತಾರೆ. ಇಂಥ ಹುಡುಗ, ಇಂಥ ಅಪ್ಪ ನಮ್ಮ ಊರುಗಳಲ್ಲಿ ಎಷ್ಟು ಬೇಕಾದರೂ ಸಿಗುತ್ತಾರೆ.

ಇಲ್ಲಿ ಡಾಕ್ಟರು ಸುಳ್ಳು ಹೇಳಿಲ್ಲ, ಮಷೀನೂ ಕೆಟ್ಟಿಲ್ಲ. ಸಿ.ಟಿ.ಯನ್ನು ಕೇಳಿದ್ದು ಒಂದೇ ಪ್ರಶ್ನೆ: ಬುರುಡೆಯೊಳಗೆ ರಕ್ತ ಸೋರಿದೆಯೇ, ಈ ರಾತ್ರಿಯೇ ಆಪರೇಷನ್ ಬೇಕೇ? ಇಲ್ಲ ಎಂದಿತು. ಮೆದುಳಿನ ಒಳಗಿನ ನರತಂತುಗಳು ಜಗ್ಗಿ ಹೋಗಿವೆಯೇ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಸಿ.ಟಿ.ಗೆ ಕೇಳಿ ಪ್ರಯೋಜನವೂ ಇಲ್ಲ, ಹೇಳುವ ಶಕ್ತಿ ಅದಕ್ಕಿಲ್ಲ. ತಲೆಪೆಟ್ಟಿನ ಬಗ್ಗೆ ಕಳೆದ ಮೂರು ದಶಕಗಳಲ್ಲಿ ನಡೆದ ಸ್ಕ್ಯಾನ್ ಸಂಶೋಧನೆ ಬೆನ್ನು ಹತ್ತಿರುವುದು ಈ ಎರಡನೆಯ ಪ್ರಶ್ನೆಯನ್ನು.

ಮೊದಲ ಪ್ರಶ್ನೆಗೆ ಉತ್ತರ ಸಿಗತೊಡಗಿದ್ದೂ ತೀರಾ ಹಳೆಯ ಮಾತೇನಲ್ಲ. ಎಕ್ಸ್‌ರೇಯಲ್ಲಿ ಬುರುಡೆ ಕಾಣುತ್ತದೆ, ಮೆದುಳು ಕಾಣುವುದಿಲ್ಲ. ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ 1919ರಲ್ಲಿ ಒಂದು ಉಪಾಯ ಪ್ರಕಟಿಸಿದರು. ಬೆನ್ನಿನಲ್ಲಿ ಸೂಜಿ ಚುಚ್ಚಿ ದ್ರವ ತೆಗೆದು, ಆ ಜಾಗಕ್ಕೆ ಗಾಳಿ ತುಂಬುವುದು. ಗಾಳಿ ಮೇಲೇರಿ ಮೆದುಳಿನ ಒಳಗಿನ ಪೊಳ್ಳುಗಳನ್ನು ಸೇರುವಂತೆ ರೋಗಿಯನ್ನು ಅತ್ತ ಇತ್ತ ಬಾಗಿಸಿ ಎಕ್ಸ್‌ರೇ ತೆಗೆಯುವುದು. ಆಮೇಲೆ ದಿನಗಟ್ಟಲೆ ತಲೆನೋವು, ವಾಂತಿ. ಇಷ್ಟೆಲ್ಲ ಅನುಭವಿಸಿದ ಮೇಲೂ ಕಾಣುತ್ತಿದ್ದದ್ದು ಗಾಳಿಯ ಆಕಾರವೇ ಹೊರತು ಮೆದುಳಲ್ಲ. ಈ ಹಿಂಸೆ ಐವತ್ತು ವರ್ಷ ನಡೆಯಿತು.

ಅದನ್ನು ಕೊನೆಗಾಣಿಸಿದವರು ಡಾಕ್ಟರಲ್ಲ. ನಮ್ಮ ಹಿರಿಯರು ನಾಯಿ ಚಿತ್ರದ ಎಚ್‌ಎಂವಿ ರೆಕಾರ್ಡು ಎನ್ನುತ್ತಿದ್ದರಲ್ಲ, ಆ ರೆಕಾರ್ಡುಗಳ ಒಡೆಯ ಇಎಂಐ ಕಂಪನಿಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ಇದ್ದರು. ರೈತನ ಮಗ, ವಿಶ್ವವಿದ್ಯಾಲಯದ ಪದವಿಯೂ ಇಲ್ಲ. ಒಂದು ಪೆಟ್ಟಿಗೆಯ ಮೂಲಕ ಎಲ್ಲ ಕೋನಗಳಿಂದಲೂ ಕಿರಣ ಹಾಯಿಸಿ ಅಳತೆ ತೆಗೆದುಕೊಂಡರೆ, ಒಳಗೇನಿದೆ ಎಂಬುದನ್ನು ಪೆಟ್ಟಿಗೆ ತೆರೆಯದೆ ಲೆಕ್ಕ ಹಾಕಬಹುದು ಎಂಬುದು ಅವರ ಯೋಚನೆ. ಪ್ರಯೋಗಾಲಯದ ಮೊದಲ ಸ್ಕ್ಯಾನಿಗೆ 28,000 ಅಳತೆಗಳು ಬೇಕಾದವು. ಒಂಬತ್ತು ದಿನ ಹಿಡಿಯಿತು. ಲೆಕ್ಕ ಬಿಡಿಸಲು ಕಂಪ್ಯೂಟರಿಗೆ ಮತ್ತೆ ಎರಡೂವರೆ ಗಂಟೆ. ಫಾರ್ಮಲಿನ್‌ನಲ್ಲಿ ಕಾಯ್ದಿಟ್ಟ ಮನುಷ್ಯನ ಮೆದುಳನ್ನಿಟ್ಟು ನೋಡಿದಾಗ ಚಿತ್ರ ಸೊಗಸಾಗಿ ಬಂತು. ಆದರೆ ಆ ಸೊಗಸಿನಲ್ಲಿ ಫಾರ್ಮಲಿನ್‌ನ ಪಾಲೂ ಇತ್ತು. ಹಾಗಾಗಿ ಕಸಾಯಿಖಾನೆಯಿಂದ ತಾಜಾ ಎತ್ತಿನ ಮೆದುಳು ತಂದು ಪರೀಕ್ಷಿಸಬೇಕಾಯಿತು. ಆ ಮೆದುಳುಗಳನ್ನು ಕೈಯಲ್ಲಿ ಹಿಡಿದು ಲಂಡನ್ನಿನ ಸಾರ್ವಜನಿಕ ವಾಹನಗಳಲ್ಲಿ ಓಡಾಡಿದ್ದನ್ನು ಹೌನ್ಸ್‌ಫೀಲ್ಡರೇ ಬರೆದುಕೊಂಡಿದ್ದಾರೆ. ಪಕ್ಕದ ಸೀಟಿನವರಿಗೆ ಚೀಲದಲ್ಲಿ ಏನಿದೆಯೆಂದು ಗೊತ್ತಿರಲಿಲ್ಲ ಎಂದುಕೊಳ್ಳೋಣ.

1971ರ ಅಕ್ಟೋಬರ್ 1ರಂದು ವಿಂಬಲ್ಡನ್‌ನ ಅಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಸ್ಕ್ಯಾನ್ ನಡೆಯಿತು. ರೇಡಿಯಾಲಜಿಸ್ಟ್ ಜೇಮ್ಸ್ ಆಂಬ್ರೋಸ್ ಜೊತೆಗಿದ್ದರು. ಮೆದುಳಿನಲ್ಲಿ ಗಡ್ಡೆಯಿದೆಯೆಂಬ ಅನುಮಾನವಿದ್ದ ಮಹಿಳೆ ಆಕೆ. ಅಳತೆಗಳ ಟೇಪನ್ನು ಬೇರೆಡೆಯ ಕಂಪ್ಯೂಟರಿಗೆ ಕಳಿಸಿ ಚಿತ್ರ ತರಿಸಿಕೊಳ್ಳಬೇಕಿತ್ತು. ಅಡ್ಡ 80, ಉದ್ದ 80 ಚೌಕಗಳ ಒರಟು ಚಿತ್ರ. ಇಂದಿನ ಅಗ್ಗದ ಮೊಬೈಲು ಕೂಡ ನಾಚಿಕೊಳ್ಳಬೇಕು, ಅಷ್ಟು ಮಸುಕು. ಆದರೆ ಮೆದುಳಿನ ಮುಂಭಾಗದಲ್ಲಿ ಎಡಗಡೆ ಗಡ್ಡೆಯ ಕಪ್ಪು ದುಂಡು ಎದ್ದು ಕಾಣುತ್ತಿತ್ತು. ಇದೇ ಲೆಕ್ಕದ ಗಣಿತವನ್ನು ಮೊದಲೇ ಬಿಡಿಸಿಟ್ಟಿದ್ದ ಅಲನ್ ಕಾರ್ಮ್ಯಾಕ್ ಜೊತೆ ಹೌನ್ಸ್‌ಫೀಲ್ಡರಿಗೆ 1979ರಲ್ಲಿ ನೊಬೆಲ್ ಬಂತು. ಇಎಂಐ ಹೊರತಂದ ಬೀಟಲ್ಸ್ ಹಾಡುಗಳ ದುಡ್ಡಿನಿಂದಲೇ ಸಿ.ಟಿ. ಹುಟ್ಟಿತೆಂಬ ಕಥೆಯೊಂದು ಈಗಲೂ ಓಡಾಡುತ್ತಿದೆ. ಕೇಳಲು ಚೆನ್ನಾಗಿದೆ, ಆದರೆ ಬ್ರಿಟನ್ನಿನ ಆರೋಗ್ಯ ಇಲಾಖೆ ಹಾಕಿದ ಹಣವೇ ಹೆಚ್ಚು.

ಸಿ.ಟಿ. ರಕ್ತವನ್ನು ಇಷ್ಟು ಬೇಗ ಹಿಡಿಯುವುದು ಹೇಗೆ? ಕಿರಣವನ್ನು ಯಾವ ವಸ್ತು ಎಷ್ಟು ತಡೆಯುತ್ತದೆ ಎಂಬುದಕ್ಕೆ ಅಂಕಗಳಿವೆ, ಅವಕ್ಕೆ ಹೌನ್ಸ್‌ಫೀಲ್ಡರದೇ ಹೆಸರು. ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ ಸಾವಿರ ಕೆಳಗೆ. ಮೆದುಳಿನ ಅಂಕ ಸುಮಾರು 30ರಿಂದ 40. ಆಗತಾನೆ ಹೆಪ್ಪುಗಟ್ಟಿದ ರಕ್ತದ್ದು ಅದಕ್ಕಿಂತ ಸಾಕಷ್ಟು ಮೇಲೆ. ಹಾಗಾಗಿ ಬೂದು ಮೆದುಳಿನ ನಡುವೆ ರಕ್ತ ಬೆಳ್ಳಗೆ ಕಣ್ಣಿಗೆ ಹೊಡೆಯುತ್ತದೆ. ಆದರೆ ನರತಂತುವೊಂದರ ದಪ್ಪ ಮಿಲಿಮೀಟರಿನ ಸಾವಿರದ ಒಂದು ಪಾಲಿನ ಆಸುಪಾಸು. ಅದು ಹಿಗ್ಗಿದರೂ ಹರಿದರೂ ಈ ಅಂಕದಲ್ಲಿ ವ್ಯತ್ಯಾಸ ಬರುವುದಿಲ್ಲ.

ತಂತುಗಳು ಹರಿಯುವುದಾದರೂ ಯಾಕೆ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಂದು ಮೆದುಳಿನ ಮ್ಯೂಸಿಯಂ ಇದೆ. ಅಲ್ಲಿ ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದು ನೋಡಲು ಜನಸಾಮಾನ್ಯರಿಗೂ ಅವಕಾಶ ಕೊಡುತ್ತಾರೆ. ಹಿಡಿದವರಿಗೆ ಗಟ್ಟಿ ಅನ್ನಿಸುತ್ತದೆ, ಅದು ಫಾರ್ಮಲಿನ್ ಮಾಡಿದ ಕೆಲಸ. ಜೀವವಿರುವ ಮೆದುಳು ಗಿಣ್ಣಿನಷ್ಟು ಮೆದು. ಹೆಚ್ಚುಕಡಿಮೆ ಒಂದೂಕಾಲು ಕಿಲೋ ತೂಗುವ ಆ ಮುದ್ದೆ ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ರಪ್ಪನೆ ತಿರುಗಿ ನಿಂತಾಗ ಮೆದುಳಿನ ಒಂದು ಪದರ ಮುಂದೆ ಹೋಗಿ ಇನ್ನೊಂದು ಹಿಂದೆ ಉಳಿಯುತ್ತದೆ, ನಡುವಿನ ತಂತುಗಳು ಜಗ್ಗುತ್ತವೆ. ಎಷ್ಟೋ ತಂತುಗಳು ಆ ಕ್ಷಣಕ್ಕೆ ಹರಿಯುವುದಿಲ್ಲ. ಅವುಗಳೊಳಗಿನ ಸಾಗಾಟ ನಿಂತು, ಅಲ್ಲಲ್ಲಿ ಊದಿಕೊಂಡು, ಗಂಟೆಗಳು ಅಥವಾ ದಿನಗಳು ಕಳೆದ ಮೇಲೆ ಬೇರ್ಪಡುತ್ತವೆ. ಅಪಘಾತವಾದ ಎರಡು ಗಂಟೆಗೆ ತೆಗೆದ ಚಿತ್ರದಲ್ಲಿ ಇದು ಸಿಗಬೇಕೆಂದರೆ ಎಲ್ಲಿಂದ ಸಿಗುತ್ತದೆ?

ಇದನ್ನು ಮೊದಲು ವಿವರವಾಗಿ ತೋರಿಸಿದವರು ಆಕ್ಸ್‌ಫರ್ಡಿನ ಸಬೀನಾ ಸ್ಟ್ರಿಚ್, 1956ರಲ್ಲಿ. ತಲೆಗೆ ಪೆಟ್ಟು ಬಿದ್ದು ತಿಂಗಳುಗಟ್ಟಲೆ ಬದುಕಿದ್ದು ತೀರಿಕೊಂಡವರ ಮೆದುಳನ್ನು ಅವರು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೆದುಳಿನ ಬಿಳಿ ಭಾಗದ ಉದ್ದಗಲಕ್ಕೂ ತಂತುಗಳು ನಾಶವಾಗಿದ್ದವು. ಸತ್ತ ಮೇಲಷ್ಟೇ ಕಾಣುವ ಈ ಗಾಯವನ್ನು ಬದುಕಿರುವಾಗಲೇ ಕಾಣಲು ಮುಂದೆ ನಾಲ್ಕು ದಶಕ ಬೇಕಾಯಿತು.

ಆ ದಾರಿ ಎಂ.ಆರ್.ಐ.ಯಿಂದ ತೆರೆಯಿತು. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಪೀಟರ್ ಬಾಸರ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನಕ್ಕೆ ಡಿ.ಟಿ.ಐ. ಎಂದು ಹೆಸರು. ಅದು ತಂತುವನ್ನು ನೋಡುವುದೇ ಇಲ್ಲ, ನೀರನ್ನು ನೋಡುತ್ತದೆ. ಮೆದುಳಿನ ನೀರಿನ ಅಣುಗಳು ಸುಮ್ಮನೆ ಕೂರುವುದಿಲ್ಲ. ತಂತುಗಳ ಕಟ್ಟಿನ ಉದ್ದಕ್ಕೆ ಸಲೀಸಾಗಿ ಸರಿಯುತ್ತವೆ, ಅಡ್ಡಕ್ಕೆ ಸರಿಯಲು ಅಡ್ಡಿ. ಹಲವು ದಿಕ್ಕುಗಳಲ್ಲಿ ಈ ಚಲನೆಯನ್ನು ಅಳೆದರೆ ತಂತುಗಳು ಯಾವ ಕಡೆ ಸಾಗಿವೆ ಎಂಬುದು ತಿಳಿಯುತ್ತದೆ, ಅವುಗಳ ಸಾಲು ಎಷ್ಟು ಬಿಗಿಯಾಗಿದೆ ಎಂಬುದು ಸೊನ್ನೆಯಿಂದ ಒಂದರೊಳಗಿನ ಅಂಕವಾಗಿ ಸಿಗುತ್ತದೆ. ಪರದೆಯ ಮೇಲೆ ದಿಕ್ಕಿಗೆ ತಕ್ಕಂತೆ ಬಣ್ಣ ಹಚ್ಚುತ್ತಾರೆ. ಎಡಬಲಕ್ಕೆ ಹೋಗುವ ತಂತುಗಳು ಕೆಂಪು, ಹಿಂದೆಮುಂದೆ ಹೋಗುವವು ಹಸಿರು, ಮೇಲೆ ಕೆಳಗೆ ಇಳಿಯುವವು ನೀಲಿ. ಎರಡು ಅರೆಗೋಳಗಳನ್ನು ಜೋಡಿಸುವ ಸೇತುವೆ ದಟ್ಟ ಕೆಂಪಗೆ ಹೊಳೆಯುತ್ತದೆ. ಪೆಟ್ಟು ಬಿದ್ದವರಲ್ಲಿ ಆ ಅಂಕ ಬದಲಾಗಿರುವುದನ್ನು ಒಂದರ ಮೇಲೊಂದು ಅಧ್ಯಯನಗಳು ತೋರಿಸಿದವು.

ಇಷ್ಟು ದೂರ ಹೋಗದೆ, ಸಾಮಾನ್ಯ ಎಂ.ಆರ್.ಐ.ಯೇ ಎಷ್ಟು ಹೇಳಬಲ್ಲದೆಂದು ಅಮೆರಿಕದ ಟ್ರ್ಯಾಕ್-ಟಿಬಿಐ ಅಧ್ಯಯನ 2013ರಲ್ಲಿ ಲೆಕ್ಕ ಕೊಟ್ಟಿತು. ‘ಸೌಮ್ಯ’ ತಲೆಪೆಟ್ಟಿನ 135 ಜನರಿಗೆ ಮೊದಲು ಸಿ.ಟಿ., ಕೆಲ ದಿನಗಳ ಬಳಿಕ ಎಂ.ಆರ್.ಐ. ಮಾಡಿದರು. ಸಿ.ಟಿ.ಯಲ್ಲಿ ಏನೂ ಇಲ್ಲ ಅನ್ನಿಸಿಕೊಂಡವರಲ್ಲಿ ಶೇ 27ರಷ್ಟು ಮಂದಿಗೆ ಎಂ.ಆರ್.ಐ.ಯಲ್ಲಿ ಗಾಯ ಕಂಡಿತು. ಮೂರು ತಿಂಗಳ ನಂತರ ಯಾರು ಪೂರ್ತಿ ಚೇತರಿಸಿಕೊಂಡಿರುವುದಿಲ್ಲ ಎಂಬುದಕ್ಕೂ ಆ ಗಾಯಗಳಿಗೂ ಸಂಬಂಧವಿತ್ತು. ಸೋಮಾರಿ ಎಂದು ಬೈಸಿಕೊಂಡ ಹುಡುಗನ ಪರವಾಗಿ ಇದಕ್ಕಿಂತ ಸಾಕ್ಷಿ ಬೇಕೇ?

ಹಾಗೆಂದು ನಾಳೆಯೇ ಓಡಿಹೋಗಿ ಬಣ್ಣದ ಸ್ಕ್ಯಾನ್ ಮಾಡಿಸಬೇಕಾಗಿಲ್ಲ. ಡಿ.ಟಿ.ಐ.ನ ವ್ಯತ್ಯಾಸ ಗಟ್ಟಿಯಾಗಿ ಕಾಣುವುದು ಗುಂಪುಗಳಲ್ಲಿ: ಪೆಟ್ಟು ಬಿದ್ದ ನೂರು ಜನರನ್ನು ಬೀಳದ ನೂರು ಜನರ ಪಕ್ಕ ಇಟ್ಟಾಗ. ಅಂಕ ವಯಸ್ಸಿನಿಂದ ವಯಸ್ಸಿಗೆ, ಮಷೀನಿನಿಂದ ಮಷೀನಿಗೆ ಏರುಪೇರಾಗುತ್ತದೆ. ಒಬ್ಬ ವ್ಯಕ್ತಿಯ ಚಿತ್ರ ಹಿಡಿದು ‘ಇವನಿಗೆ ಇಷ್ಟು ಹಾನಿಯಾಗಿದೆ’ ಎಂದು ಖಚಿತವಾಗಿ ಹೇಳುವ ಮಟ್ಟಕ್ಕೆ ಅದಿನ್ನೂ ಬಂದಿಲ್ಲ. ಬಣ್ಣದ ಚಿತ್ರ ನಂಬಿಸುವಷ್ಟು ಸುಲಭವಾಗಿ ಬೇರೇನೂ ನಂಬಿಸುವುದಿಲ್ಲ, ಅಪಾಯ ಇರುವುದು ಅಲ್ಲೇ. ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಗೆಳೆಯರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರಿನೊಳಗೆ ಮಲಗಿಸಿ, ಮನುಷ್ಯರ ಫೋಟೊ ತೋರಿಸಿ, ಇವರ ಮನಸ್ಸಿನಲ್ಲಿ ಏನಿದೆ ಹೇಳು ಎಂದು ಕೇಳಿದ್ದರು. ಅಂಕಿಅಂಶದ ಅಗತ್ಯ ತಿದ್ದುಪಡಿ ಮಾಡದೆ ಬಿಟ್ಟಾಗ ಸತ್ತ ಮೀನಿನ ಮೆದುಳೂ ‘ಯೋಚಿಸುತ್ತಿರುವಂತೆ’ ಬೆಳಗಿತು! 2012ರಲ್ಲಿ ಇದಕ್ಕೆ ಇಗ್ ನೊಬೆಲ್ ಎಂಬ ವಿಡಂಬನೆಯ ಬಹುಮಾನ ಬಂತು. ನಗಿಸುತ್ತಲೇ ಒಂದು ಇಡೀ ಕ್ಷೇತ್ರದ ಕಿವಿ ಹಿಂಡಿದ ಪ್ರಯೋಗ ಅದು.

ಮೀನಿನ ಮೇಲೆ ಬಳಸಿದ ಆ ತಂತ್ರ ಎಫ್‌.ಎಂ.ಆರ್.ಐ. ಮೆದುಳಿನ ಯಾವ ಭಾಗಕ್ಕೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತಿದೆ ಎಂದು ನೋಡುವ ಇದನ್ನು ಎಚ್ಚರದಿಂದ ಬಳಸಿದರೆ ಏನಾಗಬಹುದು ಎಂಬುದಕ್ಕೆ ಕೇಂಬ್ರಿಜ್‌ನ ಏಡ್ರಿಯನ್ ಓವನ್ ತಂಡದ 2006ರ ಪ್ರಯೋಗ ಸಾಕ್ಷಿ. ರಸ್ತೆ ಅಪಘಾತದ ನಂತರ ಐದು ತಿಂಗಳು ಕಣ್ಣು ಬಿಟ್ಟರೂ ಯಾವ ಸ್ಪಂದನವೂ ಇಲ್ಲದೆ ಮಲಗಿದ್ದ 23ರ ಯುವತಿ. ಸ್ಕ್ಯಾನರಿನೊಳಗೆ ಅವಳಿಗೆ ಹೇಳಿದ್ದು ಎರಡೇ: ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊ, ನಿನ್ನ ಮನೆಯ ಕೋಣೆಗಳಲ್ಲಿ ಓಡಾಡುತ್ತಿರುವಂತೆ ಕಲ್ಪಿಸಿಕೊ. ಮೊದಲನೆಯದಕ್ಕೆ ಚಲನೆಯನ್ನು ಯೋಜಿಸುವ ಭಾಗ ಎಚ್ಚೆತ್ತಿತು, ಎರಡನೆಯದಕ್ಕೆ ಜಾಗಗಳನ್ನು ಗುರುತಿಡುವ ಭಾಗ. ಆರೋಗ್ಯವಂತರಲ್ಲಿ ಹೇಗೋ ಹಾಗೆಯೇ. ನಾಲ್ಕು ವರ್ಷದ ನಂತರ ಇದೇ ತಂತ್ರದಲ್ಲಿ, ಹೌದು ಎನ್ನಲು ಟೆನಿಸ್, ಇಲ್ಲ ಎನ್ನಲು ಮನೆ ಎಂದು ಗೊತ್ತುಮಾಡಿಕೊಂಡು ಒಬ್ಬ ರೋಗಿ ಪ್ರಶ್ನೆಗಳಿಗೆ ಉತ್ತರಿಸಿದ.

ಇದು ಅಪರೂಪದ ಪವಾಡವೇ? 2024ರಲ್ಲಿ ಹಲವು ದೇಶಗಳ ಕೇಂದ್ರಗಳು ಸೇರಿ ಪ್ರಕಟಿಸಿದ ಅಧ್ಯಯನ ಹಾಗಲ್ಲ ಎನ್ನುತ್ತದೆ. ಹೇಳಿದ ಮಾತಿಗೆ ದೇಹದಿಂದ ಯಾವ ಪ್ರತಿಕ್ರಿಯೆಯನ್ನೂ ತೋರದ 241 ಜನರಲ್ಲಿ 60 ಮಂದಿಯ ಮೆದುಳು ಎಫ್‌.ಎಂ.ಆರ್.ಐ. ಅಥವಾ ಮೆದುಳಿನ ವಿದ್ಯುತ್ ಅಲೆ ಅಳೆಯುವ ಇ.ಇ.ಜಿ.ಯಲ್ಲಿ ಆಜ್ಞೆಗೆ ಸ್ಪಂದಿಸಿತು. ನಾಲ್ವರಲ್ಲಿ ಒಬ್ಬರು. ಹಾಸಿಗೆಯ ಪಕ್ಕದಲ್ಲೇ ನಿಂತು ‘ಇನ್ನೆಷ್ಟು ದಿನ ಅಂತ ನೋಡೋದು’ ಎಂದು ಮಾತಾಡುವ ನೆಂಟರು ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಬೇಕು.

ನಮ್ಮ ಕಡೆಯ ಒಂದು ಕೆಲಸವನ್ನೂ ಹೇಳಲೇಬೇಕು. ಇದು ಪೆಟ್ಟಿನದ್ದಲ್ಲ, ಮರೆವಿನದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ, ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದೆ. ರಕ್ತ, ನೆನಪಿನ ಶಕ್ತಿ, ಎಂ.ಆರ್.ಐ. ಎಲ್ಲವೂ ಇದೆ. ಇಂಥ ಅಳತೆ ನಮ್ಮವರಲ್ಲೇ ಆಗಬೇಕು, ಯಾಕೆಂದರೆ ಜಗತ್ತು ಬಳಸುವ ಮೆದುಳಿನ ಮಾದರಿ ನಕ್ಷೆಗಳು ಬಹುಮಟ್ಟಿಗೆ ಬಿಳಿಯರ ಮೆದುಳಿನಿಂದ ತಯಾರಾದವು. ಹೈದರಾಬಾದಿನ ಐಐಐಟಿ 2019ರಲ್ಲಿ ನೂರು ಭಾರತೀಯರ ಮೆದುಳಿನಿಂದ ನಕ್ಷೆ ಮಾಡಿದಾಗ ನಮ್ಮದು ಸರಾಸರಿಯಲ್ಲಿ ಅವಕ್ಕಿಂತ ಚಿಕ್ಕದೆಂದು ಕಂಡಿತು. ಅವರ ಅಳತೆಯಲ್ಲಿ ಅಳೆದರೆ ನಮ್ಮ ಆರೋಗ್ಯವಂತ ಮೆದುಳೂ ಸವೆದಂತೆ ತೋರೀತು. ಬುದ್ಧಿಗೂ ಗಾತ್ರಕ್ಕೂ ಸಂಬಂಧ ಕಲ್ಪಿಸಬೇಡಿ, ಮಾತು ಅಳತೆಗೋಲಿನದು.

ಮತ್ತೆ ಪೆಟ್ಟಿನ ಮಾತಿಗೆ. ತಲೆಪೆಟ್ಟನ್ನು ಸೌಮ್ಯ, ಮಧ್ಯಮ, ತೀವ್ರ ಎಂದು ವಿಂಗಡಿಸುವುದು 1974ರ ಗ್ಲಾಸ್ಗೋ ಮಾಪಕದಿಂದ. ಕಣ್ಣು ಬಿಡುತ್ತಾನೆಯೇ, ಮಾತಾಡುತ್ತಾನೆಯೇ, ಕೈಕಾಲು ಆಡಿಸುತ್ತಾನೆಯೇ ಎಂದು ನೋಡಿ 15ಕ್ಕೆ ಅಂಕ ಕೊಡುತ್ತಾರೆ. 13ಕ್ಕಿಂತ ಕಡಿಮೆಯಿಲ್ಲದಿದ್ದರೆ ಸೌಮ್ಯ. ಮೊದಲ ದಿನದ ಎಚ್ಚರವನ್ನು ಅಳೆಯುವ ಕೋಲು ಆರು ತಿಂಗಳ ಭವಿಷ್ಯಕ್ಕೆ ಹಣೆಪಟ್ಟಿಯಾಗಿ ಅಂಟಿಕೊಂಡಿತು. 2025ರಲ್ಲಿ ‘ಲ್ಯಾನ್ಸೆಟ್ ನ್ಯೂರಾಲಜಿ’ಯಲ್ಲಿ ಬಂದ ಹೊಸ ಚೌಕಟ್ಟು ಅದರ ಜೊತೆಗೆ ರಕ್ತದಲ್ಲಿನ ಗುರುತುಗಳು, ಸ್ಕ್ಯಾನ್ ಚಿತ್ರ, ರೋಗಿಯ ಹಿನ್ನೆಲೆ ಮೂರನ್ನೂ ಸೇರಿಸಿ ನೋಡಬೇಕೆನ್ನುತ್ತದೆ. ಗಾಯಗೊಂಡ ಮೆದುಳಿನಿಂದ ರಕ್ತಕ್ಕೆ ಸೋರುವ ಎರಡು ಪ್ರೋಟೀನುಗಳ ಪರೀಕ್ಷೆಗೆ ಅಮೆರಿಕ 2018ರಲ್ಲೇ ಒಪ್ಪಿಗೆ ಕೊಟ್ಟಿದೆ. ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಎಂ.ಆರ್.ಐ.ಗಿಂತ ಮೊದಲು ಬರಬೇಕಾದದ್ದು ಇದೇ ಎಂದು ನನಗನ್ನಿಸುತ್ತದೆ.

ಅದು ಬರುವವರೆಗೆ ಮನೆಯವರು ಮಾಡಬಹುದಾದದ್ದು ಇಷ್ಟು. ಸಿ.ಟಿ.ಯಲ್ಲಿ ಏನೂ ಇಲ್ಲ ಎಂದರೂ ಮನೆಗೆ ಬಂದ ಮೇಲೆ ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ ತಡಮಾಡದೆ ವಾಪಸು ಕರೆದುಕೊಂಡು ಹೋಗಿ. ರಕ್ತ ತಡವಾಗಿಯೂ ಸೋರುತ್ತದೆ. ವಯಸ್ಸಾದವರಲ್ಲಿ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ವಾರಗಳ ನಂತರವೂ. ತಿಂಗಳಾದರೂ ತಲೆನೋವು, ಮರೆವು, ಸಿಡುಕು ಹೋಗದಿದ್ದರೆ ನರರೋಗ ತಜ್ಞರ ಬಳಿ ಹೋಗಿ, ಪೆಟ್ಟು ಬಿದ್ದ ದಿನಾಂಕ, ಎಚ್ಚರ ತಪ್ಪಿದ್ದ ಹೊತ್ತು ಹೇಳಿ, ಡಿಸ್ಚಾರ್ಜ್ ಚೀಟಿ ಮತ್ತು ಹಳೆಯ ಫಿಲ್ಮ್ ತೋರಿಸಿ. ಹುಡುಗನನ್ನು ಬೈಯುವುದನ್ನು ಅಲ್ಲಿಯವರೆಗಾದರೂ ನಿಲ್ಲಿಸಿ.