ಪ್ರಯೋಗ ಮುಗಿದ ಮೇಲೆ: ಜಿಮ್ ಮಹೋನಿ ಮತ್ತು ಲೆಮ್‌ಸಿಪ್‌ನ ಚಿಂಪಾಂಜಿಗಳು

ಮನೆಯಲ್ಲಿ ಚಿಕ್ಕ ಮಗು ಇದ್ದರೆ ಅದರ ಲಸಿಕೆ ಕಾರ್ಡ್ ತೆಗೆದು ನೋಡಿ. ಮೊದಲ ಕೆಲವು ಸಾಲುಗಳಲ್ಲೇ ಹೆಪಟೈಟಿಸ್ ಬಿ ಅಂತ ಇರುತ್ತೆ. ಈ ವೈರಸ್ ಮನುಷ್ಯರನ್ನು ಬಿಟ್ಟರೆ ಸುಲಭವಾಗಿ ತಗಲೋದು ಚಿಂಪಾಂಜಿಗಳಿಗೆ. ಹಾಗಾಗಿ 1981ರಲ್ಲಿ ಅಮೆರಿಕದಲ್ಲಿ ಈ ಲಸಿಕೆಗೆ ಒಪ್ಪಿಗೆ ಸಿಗುವ ಮೊದಲು, ಅದು ಸುರಕ್ಷಿತವೇ ಅಂತ ಪರೀಕ್ಷಿಸಿದ್ದು ಅವುಗಳ ಮೇಲೆ. ಲಸಿಕೆ ಬಂತು, ನಾವೆಲ್ಲ ಹಾಕಿಸಿಕೊಂಡೆವು. ಆ ಚಿಂಪಾಂಜಿಗಳು ಏನಾದವು? ಈ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡ ಒಬ್ಬ ಪಶುವೈದ್ಯರ ಬಗ್ಗೆ ಇವತ್ತು ಮಾತಾಡೋಣ.

ನ್ಯೂಜೆರ್ಸಿಯ ರಿಂಗ್‌ವುಡ್ ದಾಟಿ ನ್ಯೂಯಾರ್ಕ್ ಗಡಿಯೊಳಗೆ ಹೋದರೆ ಸ್ಟರ್ಲಿಂಗ್ ಫಾರೆಸ್ಟ್ ಸಿಗುತ್ತೆ. ಶರತ್ಕಾಲದ ಎಲೆಬಣ್ಣ ನೋಡೋಕೆ ನಮ್ಮವರು ಕಾರಲ್ಲಿ ಹೋಗೋ ಕಡೆ. ಅದೇ ಕಾಡಿನಲ್ಲಿ, ಟಕ್ಸೀಡೋ ಹತ್ತಿರ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರೈಮೇಟ್ ಪ್ರಯೋಗಾಲಯವಿತ್ತು. ಚಿಕ್ಕದಾಗಿ ಲೆಮ್‌ಸಿಪ್. 1965ರಲ್ಲಿ ಯಾನ್ ಮೂರ್-ಯಾಂಕೋವ್ಸ್ಕಿ ಸ್ಥಾಪಿಸಿದ್ದು. ಅಲ್ಲಿನ ಪಶುವೈದ್ಯರು ಡಾ. ಜೇಮ್ಸ್ ಮಹೋನಿ, ಎಲ್ಲರ ಬಾಯಲ್ಲೂ ಜಿಮ್.

ಜಾಗವನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ನೆಲಕ್ಕೆ ತಾಗದಂತೆ ತೂಗುಹಾಕಿದ ಪಂಜರಗಳ ಸಾಲು. ಒಂದೊಂದೂ ಸುಮಾರು ಐದಡಿಗೆ ಐದಡಿ. ಕಾನೂನಿನಲ್ಲಿ ದೊಡ್ಡ ವಾನರವೊಂದಕ್ಕೆ ಬೇಕಾದ ಕನಿಷ್ಠ ನೆಲವೂ 25 ಚದರಡಿಯೇ, ಆದ್ದರಿಂದ ಇದು ಕಾನೂನುಬಾಹಿರವೇನಲ್ಲ. 1982ರಲ್ಲಿ ಒಕ್ಲಹೋಮಾದಿಂದ ಕೆಲವು ಚಿಂಪಾಂಜಿಗಳು ಇಲ್ಲಿಗೆ ಬಂದವು. ಅವುಗಳಿಗೆ ಕೈಸನ್ನೆ ಭಾಷೆ ಕಲಿಸಿದ್ದರು. ಪ್ರಸಿದ್ಧ ನಿಮ್ ಚಿಂಪ್ಸ್ಕಿಯೂ ಅವುಗಳಲ್ಲಿ ಒಬ್ಬ. ಅವು ಸಿಬ್ಬಂದಿಗೆ ಸನ್ನೆ ಮಾಡಿ ತಿಂಡಿ ಕೇಳುತ್ತಿದ್ದವು, ಪಂಜರದ ಕೀಲಿ ಕೇಳುತ್ತಿದ್ದವು. ಏನು ಹೇಳ್ತಿವೆ ಅಂತ ತಿಳಿಯೋಕೆ ಗೋಡೆ ಮೇಲೆ ಸನ್ನೆಗಳ ಪಟ ಅಂಟಿಸಬೇಕಾಯ್ತು.

ಇಂಥ ಕಡೆ ಪಶುವೈದ್ಯರ ಕೆಲಸ ಅಂದ್ರೆ ಏನು? ಹೊರಗಿನವರು ಪ್ರಾಣಿ ಪರ ಅಥವಾ ವಿಜ್ಞಾನಿ ಪರ ಅಂತ ಎರಡೇ ಕುರ್ಚಿ ಹಾಕ್ತಾರೆ. ಲ್ಯಾಬ್ ಪಶುವೈದ್ಯರು ಎರಡರ ಮೇಲೂ ಕೂತಿರ್ತಾರೆ. ಟಾಮ್ ಅನ್ನೋ ಚಿಂಪಾಂಜಿಯ ಕಥೆ ನೋಡಿ. ಪ್ರಯೋಗಾಲಯಗಳಲ್ಲಿ 30 ವರ್ಷ ಕಳೆದ ಅವನ ದಾಖಲೆಗಳಲ್ಲಿ ಕನಿಷ್ಠ 369 ಸಲ ಅರಿವಳಿಕೆ ಕೊಟ್ಟ ಲೆಕ್ಕವಿದೆ, ಯಕೃತ್ತಿನಿಂದ ಹತ್ತಾರು ಸಲ ಚೂರು ತೆಗೆದದ್ದಿದೆ, ಎಚ್ಐವಿ ಸೋಂಕು ಹಚ್ಚಿದ್ದೂ ಇದೆ. ಅವನ ಲ್ಯಾಬ್ ಬದುಕಿನ ಕೊನೆಯ ಭಾಗ ಕಳೆದದ್ದು ಲೆಮ್‌ಸಿಪ್‌ನಲ್ಲಿ. ಅರಿವಳಿಕೆ ಕೊಟ್ಟು ಮಲಗಿಸೋದು, ಎದ್ದ ಮೇಲೆ ಉಸಿರು ನೋಡೋದು, ಗಾಯ ವಾಸಿ ಮಾಡೋದು, ಎಲ್ಲ ಪಶುವೈದ್ಯರ ವಿಭಾಗದ್ದೇ. 1998ರಲ್ಲಿ ಮಹೋನಿ ಬರೆದ ‘ಸೇವಿಂಗ್ ಮಾಲಿ’ ಪುಸ್ತಕದಲ್ಲಿ ಸಂಶೋಧನೆ ಬೇಕು ಅನ್ನೋ ನಂಬಿಕೆ, ಆ ಪ್ರಾಣಿಗಳ ಮೇಲಿನ ಅಕ್ಕರೆ ಎರಡೂ ಎದುರುಬದುರು ಕೂತಿವೆ. ಅವರು ಯಾವುದನ್ನೂ ಎಬ್ಬಿಸಿ ಕಳಿಸಲಿಲ್ಲ. ಇಲಿಗಳ ಮೇಲೆ ಕೆಲಸ ಮಾಡೋ ನಮಗೆ ಆ ಇಕ್ಕಟ್ಟು ಚೆನ್ನಾಗಿಯೇ ಗೊತ್ತು. (ಅಂದಹಾಗೆ, ಸಂಶೋಧನೆಗೆಂದೇ ಸಾಕಿದ ಇಲಿಗಳು ಅಮೆರಿಕದ ಪ್ರಾಣಿ ಕಲ್ಯಾಣ ಕಾಯ್ದೆಯಲ್ಲಿ ‘ಪ್ರಾಣಿ’ಯೇ ಅಲ್ಲ! ಅವುಗಳ ರಕ್ಷಣೆಗೆ ಬೇರೆ ನಿಯಮಗಳಿವೆ.)

ನಿಜವಾದ ಪರೀಕ್ಷೆ ಬಂದದ್ದು 1995ರಲ್ಲಿ. ಪ್ರಯೋಗಾಲಯವನ್ನು ಕೈಬಿಡಲು ವಿಶ್ವವಿದ್ಯಾಲಯ ನಿರ್ಧರಿಸಿತು. ಪ್ರಾಣಿಗಳು ನ್ಯೂ ಮೆಕ್ಸಿಕೋದ ಕೌಲ್‌ಸ್ಟನ್ ಫೌಂಡೇಶನ್‌ಗೆ ಹೋಗಬೇಕಿತ್ತು. ಆ ಸಂಸ್ಥೆಯ ಮೇಲೆ ಪ್ರಾಣಿಗಳ ಆರೈಕೆ ಸರಿಯಿಲ್ಲ ಅನ್ನೋ ಸರ್ಕಾರಿ ದೂರುಗಳಿದ್ದವು. ಮಹೋನಿ ಫೋನ್ ಹಿಡಿದು ಕೂತರು. ಕ್ಯಾಲಿಫೋರ್ನಿಯಾದ ವೈಲ್ಡ್‌ಲೈಫ್ ವೇಸ್ಟೇಷನ್ ಮುಂತಾದ ಅಭಯಧಾಮಗಳಲ್ಲಿ ಜಾಗ ಹುಡುಕಿ ನೂರಕ್ಕೂ ಹೆಚ್ಚು ಚಿಂಪಾಂಜಿಗಳನ್ನು ಹೊರಗೆ ದಾಟಿಸಿದರು.

ಎಲ್ಲಕ್ಕಿಂತ ಕಷ್ಟದ್ದು ಎಚ್ಐವಿ ಹಚ್ಚಿದ ಪ್ರಾಣಿಗಳ ವಿಷಯ. ಅವುಗಳನ್ನು ಯಾರು ಸೇರಿಸಿಕೊಳ್ತಾರೆ ಹೇಳಿ? ಕೆನಡಾದ ಮಾಂಟ್ರಿಯಲ್ ಹೊರವಲಯದಲ್ಲಿ ಗ್ಲೋರಿಯಾ ಗ್ರೋ ಮತ್ತು ಪಶುವೈದ್ಯ ರಿಚರ್ಡ್ ಆಲನ್ ಅವರ ಫೌನಾ ಫೌಂಡೇಶನ್ ಬಾಗಿಲು ತೆರೆಯಿತು. 1997ರಲ್ಲಿ ಲೆಮ್‌ಸಿಪ್‌ನ 15 ಚಿಂಪಾಂಜಿಗಳು ಅಲ್ಲಿಗೆ ಹೋದವು, ಅವುಗಳಲ್ಲಿ ಎಂಟಕ್ಕೆ ಎಚ್ಐವಿ. ಟಾಮ್ ಕೂಡ ಆ ಗುಂಪಿನಲ್ಲಿದ್ದ. ಅಲ್ಲಿ ಅವನಿಗೆ ಹತ್ತೋಕೆ ಮರಗಳು ಸಿಕ್ಕವು. 2009ರಲ್ಲಿ ತೀರಿಕೊಂಡ.

ಎಲ್ಲರನ್ನೂ ಉಳಿಸಲಾಗಲಿಲ್ಲ. ಸುಮಾರು ನೂರು ಪ್ರಾಣಿಗಳು ಕೌಲ್‌ಸ್ಟನ್‌ಗೇ ಹೋದವು. 2002ರಲ್ಲಿ ಆ ಸಂಸ್ಥೆ ಕುಸಿದಾಗ ಸೇವ್ ದ ಚಿಂಪ್ಸ್ ಸಂಸ್ಥೆ ಅಲ್ಲಿ ಬದುಕಿದ್ದವರನ್ನು ವಹಿಸಿಕೊಂಡಿತು. ಮಹೋನಿ ಪ್ರಯೋಗಗಳನ್ನು ನಿಲ್ಲಿಸಿದವರಲ್ಲ. ನಿಲ್ಲೋಕೆ 2015ರವರೆಗೆ, ಬಂಧನದಲ್ಲಿರುವ ಚಿಂಪಾಂಜಿಗಳನ್ನೂ ಅಳಿವಿನಂಚಿನ ಪ್ರಾಣಿಗಳೆಂದು ಅಮೆರಿಕ ಘೋಷಿಸುವವರೆಗೆ, ಕಾಯಬೇಕಾಯ್ತು. ಹಾಗಿದ್ದೂ ಅವರನ್ನು ಗೌರವಿಸಬೇಕಾ? ಬೇಕು ಅನ್ನೋದು ನಮ್ಮ ಅಭಿಪ್ರಾಯ. ದತ್ತಾಂಶ ಕೈಗೆ ಬಂದ ಕೂಡಲೇ ವಿಜ್ಞಾನಿಗಳು ಪ್ರಬಂಧ ಬರೆಯೋಕೆ ಹೊರಡ್ತೇವೆ. ಪಂಜರದ ಹತ್ತಿರ ಉಳಿದವರು ಅವರು.

ನಮ್ಮ ಅನುದಾನದ ಅರ್ಜಿಗಳಲ್ಲಿ ಪ್ರಾಣಿ ಖರೀದಿಗೆ ಒಂದು ಸಾಲು, ಪಂಜರದ ದಿನಬಾಡಿಗೆಗೆ ಒಂದು ಸಾಲು ಇರುತ್ತೆ. ನಿವೃತ್ತಿಗೆ? ನಾವು ಬರೆದ ಯಾವ ಅರ್ಜಿಯಲ್ಲೂ ಇಲ್ಲ. ಈ ವಿಷಯದಲ್ಲಿ ಭಾರತದ ಮಾರ್ಗಸೂಚಿ ಒಂದು ಹೆಜ್ಜೆ ಮುಂದಿದೆ. ರಸೆಲ್ ಮತ್ತು ಬರ್ಚ್ 1959ರಲ್ಲಿ ಹೇಳಿದ ಮೂರು ಸೂತ್ರಗಳು (ಬದಲಿ ಹುಡುಕು, ಸಂಖ್ಯೆ ಇಳಿಸು, ನೋವು ತಗ್ಗಿಸು) ಜಗತ್ತಿನೆಲ್ಲೆಡೆ ಇವೆ. ಭಾರತ ಅದಕ್ಕೆ ನಾಲ್ಕನೆಯದಾಗಿ ಪುನರ್ವಸತಿಯನ್ನು ಸೇರಿಸಿದೆ. ಔಷಧ ಕಂಪನಿಗಳ ಲ್ಯಾಬ್‌ಗಳಿಂದ ನಿವೃತ್ತವಾದ ಬೀಗಲ್ ನಾಯಿಗಳನ್ನು ಬೆಂಗಳೂರಿನ ಕ್ಯೂಪಾ ಸಂಸ್ಥೆ ಮನೆಗಳಿಗೆ ಸೇರಿಸ್ತಾ ಬಂದಿದೆ. ಮೆಟ್ಟಿಲು ಹತ್ತೋಕೂ ಕಲಿಯಬೇಕಾದ ನಾಯಿಗಳು ಅವು.

ಚಿಂಪಾಂಜಿ ಬಂಧನದಲ್ಲೂ ಐವತ್ತು ವರ್ಷ ದಾಟಿ ಬದುಕಬಲ್ಲದು. ವೈಲ್ಡ್‌ಲೈಫ್ ವೇಸ್ಟೇಷನ್ 2019ರಲ್ಲಿ ಮುಚ್ಚಿತು. ಅಲ್ಲಿದ್ದ ನಲವತ್ತಕ್ಕೂ ಹೆಚ್ಚು ಚಿಂಪಾಂಜಿಗಳಿಗೆ ಮತ್ತೊಮ್ಮೆ ಮನೆ ಹುಡುಕಬೇಕಾಯ್ತು.