ಕರೆಂಟ್ ಷೇರಿಗೆ ಹತ್ತು ವರ್ಷದ ಲೆಕ್ಕ

ಮಳೆಗಾಲ ಬಂತೆಂದರೆ ಶಿವಮೊಗ್ಗದವರು ಪತ್ರಿಕೆಯಲ್ಲಿ ಮೊದಲು ಹುಡುಕುವುದು ಜಲಾಶಯದ ಮಟ್ಟವನ್ನು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ, ಭದ್ರಾದ್ದು 186 ಅಡಿ ಎಂಬುದು ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಇವತ್ತಿನ ಮಟ್ಟದ ಪಕ್ಕದಲ್ಲೇ ‘ಕಳೆದ ವರ್ಷ ಇದೇ ದಿನ’ ಎಂಬ ಇನ್ನೊಂದು ಅಂಕಿಯೂ ಇರುತ್ತದೆ. ಜುಲೈನಲ್ಲಿ ಒಂದು ವಾರ ಮಳೆ ಸುರಿದ ಮಾತ್ರಕ್ಕೆ ‘ಇನ್ನು ಹತ್ತು ವರ್ಷ ನೀರಿನ ಚಿಂತೆಯಿಲ್ಲ’ ಎಂದು ಯಾವ ರೈತರೂ ಹೇಳುವುದಿಲ್ಲ. ಅವರಿಗೆ ಹಲವು ಮಳೆಗಾಲಗಳ ನೆನಪಿರುತ್ತದೆ.

ಷೇರಿನ ವಿಷಯ ಬಂದಾಗ ಮಾತ್ರ ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ಒಂದೇ ವರ್ಷದ ಲಾಭ ನೋಡಿ ‘ಅಗ್ಗ’, ‘ದುಬಾರಿ’ ಎಂದು ತೀರ್ಪು ಬರೆದುಬಿಡುತ್ತಾರೆ. ಹದಿನೆಂಟು ತುಂಬಿದ ಕೂಡಲೇ ಡಿಮ್ಯಾಟ್ ಖಾತೆ ತೆರೆದವರು ನಮ್ಮ ತರಗತಿಯಲ್ಲಿ ಹಲವರಿದ್ದಾರೆ. ನಾನೂ ಅವರಲ್ಲೊಬ್ಬ. ಶಿವಮೊಗ್ಗದಲ್ಲಿ ಎಲೆಕ್ಟ್ರಿಕಲ್ ಬಿಇ ಮೂರನೇ ವರ್ಷ ಓದುತ್ತಿದ್ದೇನೆ.

ಎಲ್ಲರೂ ನೋಡುವ ಸಂಖ್ಯೆ ಪಿ/ಇ. ಷೇರಿನ ಬೆಲೆಯನ್ನು ಷೇರೊಂದರ ವಾರ್ಷಿಕ ಲಾಭದಿಂದ ಭಾಗಿಸಿದರೆ ಅದು ಸಿಗುತ್ತದೆ. ಬೆಲೆ 300 ರೂಪಾಯಿ, ಲಾಭ 15 ರೂಪಾಯಿ ಇದ್ದರೆ ಪಿ/ಇ 20. ಲೆಕ್ಕ ಸುಲಭ. ತೊಡಕಿರುವುದು ‘ಯಾವ ವರ್ಷದ ಲಾಭ’ ಎಂಬಲ್ಲಿ.

ಭದ್ರಾವತಿಯ ಪಾಠ

ಇದನ್ನು ಭದ್ರಾವತಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ವಿಐಎಸ್‌ಎಲ್ 1998ರಲ್ಲಿ ಸೈಲ್ ಕಂಪನಿಯಲ್ಲಿ ವಿಲೀನವಾಯಿತು. ಆ ಸೈಲ್‌ನ ಲಾಭವನ್ನೇ ನೋಡಿ. 2015-16ರಲ್ಲಿ 4,000 ಕೋಟಿ ರೂಪಾಯಿಗೂ ಹೆಚ್ಚು ನಷ್ಟ. 2021-22ರಲ್ಲಿ ಸುಮಾರು 12,000 ಕೋಟಿ ಲಾಭ. ಮರುವರ್ಷ 2,000 ಕೋಟಿಗಿಂತ ಕಡಿಮೆ. 2022ರ ಮಾರ್ಚ್ ಕೊನೆಯಲ್ಲಿ ಷೇರಿನ ಬೆಲೆ 100 ರೂಪಾಯಿಯ ಆಸುಪಾಸಿನಲ್ಲಿತ್ತು, ಆ ವರ್ಷದ ಲಾಭ ಷೇರಿಗೆ ಸುಮಾರು 29 ರೂಪಾಯಿ. ಅಂದರೆ ಪಿ/ಇ ಮೂರೂವರೆ! ನೋಡಿದವರಿಗೆ ಪುಕ್ಕಟೆ ಸಿಕ್ಕಂತೆ ಕಾಣಬೇಕು. ಆದರೆ ಮರುವರ್ಷ ಲಾಭ ಷೇರಿಗೆ ಐದು ರೂಪಾಯಿಯೂ ಉಳಿಯಲಿಲ್ಲ. ಉಕ್ಕಿನ ಬೆಲೆ ಏರಿದ ವರ್ಷದ ಲಾಭವನ್ನು ಖಾಯಂ ಎಂದು ನಂಬಿದ್ದರೆ ಲೆಕ್ಕ ಪೂರ್ತಿ ತಲೆಕೆಳಗು.

ಇದಕ್ಕೆ ಔಷಧಿ ಹಳೆಯದೇ. ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್ 1934ರಷ್ಟು ಹಿಂದೆಯೇ ಒಂದು ವರ್ಷದ ಲಾಭ ಬಿಟ್ಟು ಹಲವು ವರ್ಷಗಳ, ಸಾಧ್ಯವಾದರೆ ಏಳರಿಂದ ಹತ್ತು ವರ್ಷಗಳ ಸರಾಸರಿ ನೋಡಿ ಎಂದಿದ್ದರು. 1988ರಲ್ಲಿ ಜಾನ್ ಕ್ಯಾಂಪ್‌ಬೆಲ್ ಮತ್ತು ರಾಬರ್ಟ್ ಶಿಲ್ಲರ್ ಅದಕ್ಕೆ ಇನ್ನೊಂದು ಹೆಜ್ಜೆ ಸೇರಿಸಿದರು: ಸರಾಸರಿ ತೆಗೆಯುವ ಮೊದಲು ಪ್ರತಿ ವರ್ಷದ ಲಾಭವನ್ನು ಇವತ್ತಿನ ರೂಪಾಯಿಗೆ ಪರಿವರ್ತಿಸಿ, ಅಂದರೆ ಹಣದುಬ್ಬರ ಸರಿಹೊಂದಿಸಿ. ಇದನ್ನೇ ‘ಕೇಪ್’ ಅಥವಾ ‘ಶಿಲ್ಲರ್ ಪಿ/ಇ’ ಎನ್ನುತ್ತಾರೆ. ಶಿಲ್ಲರ್ ಅವರಿಗೆ 2013ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ನಮ್ಮ ಎಲೆಕ್ಟ್ರಿಕಲ್‌ನವರಿಗೆ ಇದು ಪರಿಚಿತ ವಿಚಾರ. ಪವರ್ ಸಿಸ್ಟಮ್ಸ್ ಪಾಠದಲ್ಲಿ ‘ಪರ್ ಯೂನಿಟ್’ ಲೆಕ್ಕ ಮಾಡುವಾಗ ಬೇರೆ ಬೇರೆ ಬೇಸ್‌ನಲ್ಲಿರುವ ಸಂಖ್ಯೆಗಳನ್ನು ನೇರವಾಗಿ ಕೂಡಿಸಿದರೆ ಉತ್ತರ ತಪ್ಪು. ಮೊದಲು ಎಲ್ಲವನ್ನೂ ಒಂದೇ ಬೇಸ್‌ಗೆ ತರಬೇಕು. 2015ರ ರೂಪಾಯಿ, 2025ರ ರೂಪಾಯಿ ಎರಡೂ ಹಾಗೆಯೇ. ಹೆಸರು ಒಂದೇ, ಬೇಸ್ ಬೇರೆ.

ಮಾವನ ಪ್ರಶ್ನೆ

ಇಷ್ಟೆಲ್ಲ ನಾನು ತಲೆಕೆಡಿಸಿಕೊಂಡಿದ್ದಕ್ಕೆ ಕಾರಣ ಭದ್ರಾವತಿಯಲ್ಲಿರುವ ನನ್ನ ಸೋದರಮಾವ. ಅರವತ್ತು ದಾಟಿದವರು, ನಿವೃತ್ತಿಯಾದಾಗ ಬಂದ ದುಡ್ಡು ಬ್ಯಾಂಕಿನಲ್ಲಿತ್ತು. ಒಂದು ಭಾನುವಾರ ಕೇಳಿದರು: ‘ಏನೋ, ಕರೆಂಟ್ ಕಂಪನಿ ಷೇರು ತಗೊಂಡ್ರೆ ಹೆಂಗೆ? ಊರಿಗೆ ಊರೇ ಕತ್ತಲಲ್ಲಿ ಕೂರಲ್ಲ ಅಲ್ವಾ? ಲಾಭ ಗ್ಯಾರಂಟಿ ತಾನೇ?’

‘ಲಾಭ ಬರುತ್ತೆ ಮಾವ. ಆದ್ರೆ ಎಷ್ಟು ಬೆಲೆ ಕೊಡಬಹುದು ಅಂತ ಲೆಕ್ಕ ಹಾಕ್ಬೇಕು. ಎರಡು ದಿನ ಟೈಮ್ ಕೊಡಿ’ ಎಂದೆ.

ನಮ್ಮ ಮನೆಗೆ ಕರೆಂಟ್ ಕೊಡುವ ಮೆಸ್ಕಾಂ, ಶರಾವತಿಯಲ್ಲಿ ವಿದ್ಯುತ್ ಉತ್ಪಾದಿಸುವ ಕೆಪಿಸಿ ಎರಡೂ ರಾಜ್ಯ ಸರ್ಕಾರದ ಕಂಪನಿಗಳು. ಅವುಗಳ ಷೇರು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಸಿಗುವುದರಲ್ಲಿ ನಾನು ಆರಿಸಿಕೊಂಡದ್ದು ಪವರ್‌ಗ್ರಿಡ್. ರಾಜ್ಯದಿಂದ ರಾಜ್ಯಕ್ಕೆ ವಿದ್ಯುತ್ ಸಾಗಿಸುವ ಕೇಂದ್ರ ಸರ್ಕಾರಿ ಕಂಪನಿ ಇದು. 2007ರಲ್ಲಿ 52 ರೂಪಾಯಿಗೆ ಐಪಿಒ ಬಂದಿತ್ತು. 2021 ಮತ್ತು 2023ರಲ್ಲಿ ಮೂರಕ್ಕೆ ಒಂದರಂತೆ ಬೋನಸ್ ಷೇರು ಕೊಟ್ಟಿತು. ಈಗ ಒಟ್ಟು ಸುಮಾರು 930 ಕೋಟಿ ಷೇರುಗಳಿವೆ. ಬೋನಸ್ ಎಂದರೆ ಅದೇ ರೊಟ್ಟಿಯನ್ನು ಹೆಚ್ಚು ತುಂಡು ಮಾಡಿದಂತೆ; ಹಾಗಾಗಿ ಹಳೆಯ ವರ್ಷಗಳ ಲಾಭವನ್ನೂ ಇವತ್ತಿನ 930 ಕೋಟಿಯಿಂದಲೇ ಭಾಗಿಸಬೇಕು.

ವಾರ್ಷಿಕ ವರದಿಗಳಿಂದ ಹತ್ತು ವರ್ಷದ ನಿವ್ವಳ ಲಾಭ ತೆಗೆದೆ. ಚಿಲ್ಲರೆ ಹಣದುಬ್ಬರ ಅಳೆಯುವ ಗ್ರಾಹಕ ಬೆಲೆ ಸೂಚ್ಯಂಕ 2015-16ರಲ್ಲಿ ಸರಾಸರಿ 125ರ ಆಸುಪಾಸಿನಲ್ಲಿತ್ತು, 2024-25ರಲ್ಲಿ ಸುಮಾರು 193. ಅಂದರೆ ನಾನು ಐದನೇ ಕ್ಲಾಸಿನಲ್ಲಿದ್ದಾಗಿನ 100 ರೂಪಾಯಿ ಈಗಿನ 154 ರೂಪಾಯಿಗೆ ಸಮ. ಎಲ್ಲ ವರ್ಷಗಳನ್ನೂ ಹೀಗೆ ಪರಿವರ್ತಿಸಿದಾಗ ಸಿಕ್ಕ ಚಿತ್ರ ಇದು (ಕೋಟಿ ರೂಪಾಯಿಗಳಲ್ಲಿ, ಸುಮಾರಾಗಿ, ಮೊದಲನೆಯದು ಆ ವರ್ಷ ತೋರಿಸಿದ ಲಾಭ, ಎರಡನೆಯದು 2024-25ರ ರೂಪಾಯಿಯಲ್ಲಿ):

2015-16: 6,000 – 9,300
2016-17: 7,500 – 11,100
2017-18: 8,200 – 11,800
2018-19: 9,900 – 13,700
2019-20: 10,800 – 14,200
2020-21: 11,900 – 14,800
2021-22: 17,100 – 20,100
2022-23: 15,300 – 16,900
2023-24: 15,500 – 16,200
2024-25: 15,400 – 15,400

ಮೊದಲ ಸಾಲಿನ ಸಂಖ್ಯೆಗಳ ಸರಾಸರಿ ಸುಮಾರು 11,760 ಕೋಟಿ, ಷೇರಿಗೆ 12.60 ರೂಪಾಯಿ. ಎರಡನೆಯದರ ಸರಾಸರಿ 14,350 ಕೋಟಿ, ಷೇರಿಗೆ 15.40 ರೂಪಾಯಿ. ಷೇರಿನ ಬೆಲೆ 300 ರೂಪಾಯಿ ಎಂದು ಇಟ್ಟುಕೊಳ್ಳೋಣ. ಹಣದುಬ್ಬರ ಮರೆತು ಸರಾಸರಿ ತೆಗೆದರೆ ಪಿ/ಇ ಸುಮಾರು 24, ಷೇರು ದುಬಾರಿ ಎನಿಸುತ್ತದೆ. ಸರಿಹೊಂದಿಸಿದರೆ ಹತ್ತೊಂಬತ್ತೂವರೆ. ಕಳೆದ ಒಂದೇ ವರ್ಷದ ಲಾಭ ಹಿಡಿದರೆ 18. ಕೊನೆಯ ಎರಡರ ನಡುವೆ ಹೆಚ್ಚು ಅಂತರವಿಲ್ಲ. ಸೈಲ್‌ನಂತೆ ಇಲ್ಲಿ ಏರಿಳಿತದ ಆಟವಿಲ್ಲ. ‘ಹಾಗಾದರೆ ಇಷ್ಟೆಲ್ಲ ಲೆಕ್ಕ ಯಾಕೆ ಬೇಕಿತ್ತು?’ ಎಂದು ನನ್ನ ರೂಮ್‌ಮೇಟ್ ಕೇಳಿದ.

ನಿಂತ ಲಾಭವೂ ಇಳಿಯುತ್ತದೆ

ಉತ್ತರ ಆ ಪಟ್ಟಿಯ ಕೊನೆಯ ನಾಲ್ಕು ಸಾಲುಗಳಲ್ಲಿದೆ. 2021-22ರ ಎತ್ತರದ ಸಂಖ್ಯೆಯಲ್ಲಿ ಮಾಮೂಲಿ ಲಾಭದ ಜೊತೆಗೆ ಒಂದು ಸಲದ ಗಳಿಕೆಯೂ ಸೇರಿದೆ. ಆ ವರ್ಷ ಕಂಪನಿ ಐದು ಪ್ರಸರಣ ಯೋಜನೆಗಳ ಬಹುಪಾಲನ್ನು ಪವರ್‌ಗ್ರಿಡ್ ಇನ್ವಿಟ್ ಎಂಬ ಟ್ರಸ್ಟ್‌ಗೆ ವರ್ಗಾಯಿಸಿತ್ತು. ಗದ್ದೆ ಮಾರಿದ ವರ್ಷದ ಆದಾಯವನ್ನು ಭತ್ತದ ಆದಾಯ ಎನ್ನಲಾದೀತೇ? ಹತ್ತು ವರ್ಷಕ್ಕೆ ಹಂಚಿದಾಗ ಅದರ ಭಾರ ತಗ್ಗುತ್ತದೆ.

ಅದಕ್ಕಿಂತ ಮುಖ್ಯವಾದದ್ದು ನಂತರದ ಮೂರು ವರ್ಷ. 15,300, 15,500, 15,400. ಮೇಲ್ನೋಟಕ್ಕೆ ಲಾಭ ನಿಂತಲ್ಲೇ ನಿಂತಿದೆ, ಸ್ಥಿರವಾಗಿದೆ. ಪಕ್ಕದ ಸಂಖ್ಯೆ ನೋಡಿ: 16,900, 16,200, 15,400. ಎರಡೇ ವರ್ಷದಲ್ಲಿ ಕೊಳ್ಳುವ ಶಕ್ತಿ ಶೇ 9ರಷ್ಟು ಕರಗಿದೆ.

ಇದು ಆಕಸ್ಮಿಕವಲ್ಲ, ವಿದ್ಯುತ್ ಕಂಪನಿಯ ಲಾಭ ಹುಟ್ಟುವ ರೀತಿಯೇ ಹಾಗೆ. ಪ್ರಸರಣ ಮಾರ್ಗದ ದರ ನಿಗದಿ ಮಾಡುವುದು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ. ಅದರ ಸೂತ್ರದಲ್ಲಿ ಯೋಜನೆಗೆ 100 ರೂಪಾಯಿ ಖರ್ಚಾದರೆ 70 ಸಾಲ, 30 ಸ್ವಂತ ಬಂಡವಾಳ ಎಂದು ಲೆಕ್ಕ. 2024ರ ಏಪ್ರಿಲ್‌ಗೆ ಮೊದಲು ಶುರುವಾದ ಮಾರ್ಗಗಳಿಗೆ ಆ 30ರ ಮೇಲೆ ಶೇ 15.5ರ ಪ್ರತಿಫಲ, ಅಂದರೆ ವರ್ಷಕ್ಕೆ 4.65 ರೂಪಾಯಿ. ಮಳೆ ಬರಲಿ, ಬರ ಬರಲಿ, ಮಾರ್ಗ ಸರಿಯಾಗಿ ಲಭ್ಯವಿದ್ದರೆ ಸಾಕು. ಮಾವ ಹೇಳಿದ ‘ಗ್ಯಾರಂಟಿ’ ಇದೇ. ಆದರೆ ಆ 30 ರೂಪಾಯಿ ಟವರ್ ನೆಟ್ಟ ವರ್ಷದ್ದು. ಇವತ್ತು ಅದೇ ಟವರ್ ನೆಡಲು ಎರಡು ಪಟ್ಟು ಖರ್ಚಾಗಲಿ, ಪ್ರತಿಫಲ ಸಿಗುವುದು ಹಳೆಯ ಖರ್ಚಿನ ಮೇಲೆಯೇ. ಹಣದುಬ್ಬರ ಶೇ 5 ಇದ್ದರೆ 14 ವರ್ಷದಲ್ಲಿ ಆ 4.65ರ ಕೊಳ್ಳುವ ಶಕ್ತಿ ಅರ್ಧವಾಗುತ್ತದೆ. ಹೊಸ ಮಾರ್ಗ ಹಾಕುತ್ತಾ ಹೋದರೆ ಮಾತ್ರ ಲಾಭ ಹಣದುಬ್ಬರದ ಮುಂದೆ ಓಡುತ್ತದೆ. ಪಟ್ಟಿಯ ಮೊದಲರ್ಧದಲ್ಲಿ ಕಂಪನಿ ಹಾಗೆ ಓಡಿದ್ದು ಕಾಣುತ್ತದೆ.

ಉಕ್ಕಿನ ಕಂಪನಿಗೆ ಹತ್ತು ವರ್ಷದ ಸರಾಸರಿ ಬೇಕಾಗುವುದು ಏರಿಳಿತ ತೆಗೆಯಲು. ವಿದ್ಯುತ್ ಕಂಪನಿಗೆ ಅದು ಬೇಕಾಗುವುದು ಸ್ಥಿರತೆಯ ಹಿಂದೆ ಅಡಗಿರುವ ಇಳಿಕೆಯನ್ನು ಕಾಣಲು. ನನಗೆ ಸಿಕ್ಕ ಪಾಠ ಇಷ್ಟೇ.

ಮಾವನಿಗೆ ಈ ಪಟ್ಟಿ ತೋರಿಸಿದೆ. 300 ರೂಪಾಯಿಗೆ 15.40 ಎಂದರೆ ಶೇ 5ರಷ್ಟು ಗಳಿಕೆ, ಅದೂ ಹಣದುಬ್ಬರ ಕಳೆದ ಲೆಕ್ಕ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಬಡ್ಡಿ ಶೇ 8.2, 2024-25ರ ಸರಾಸರಿ ಹಣದುಬ್ಬರ ಶೇ 4.6 ಕಳೆದರೆ ಉಳಿಯುವುದು ಶೇ 3.6. ಷೇರೇ ಮೇಲು ಎನಿಸಬಹುದು. ಆದರೆ ಆ 15.40 ಪೂರ್ತಿ ಕೈಗೆ ಬರುವುದಿಲ್ಲ. 2024-25ಕ್ಕೆ ಕಂಪನಿ ಕೊಟ್ಟ ಲಾಭಾಂಶ ಷೇರಿಗೆ 9 ರೂಪಾಯಿ, 300ಕ್ಕೆ ಶೇ 3. ಉಳಿದದ್ದು ಹೊಸ ಮಾರ್ಗಗಳಿಗೆ ಹೋಗುತ್ತದೆ. ಮಾವನಿಗೆ ಬೇಕಿರುವುದು ಮನೆಖರ್ಚಿನ ದುಡ್ಡು, ಹತ್ತು ವರ್ಷ ಕಾಯುವ ದುಡ್ಡಲ್ಲ. ಕನ್ನಡಕ ಸರಿಪಡಿಸಿಕೊಂಡು ಪಟ್ಟಿಯನ್ನು ಎರಡು ಸಲ ಓದಿದರು. ಹೆಚ್ಚಿನ ಪಾಲನ್ನು ಅಂಚೆ ಕಚೇರಿಗೆ ಹಾಕಿದರು. ‘ಇದು ಅಲ್ಲಾಡದೆ ಇರ್ಲಿ’ ಎಂದು ಸಣ್ಣ ಮೊತ್ತವನ್ನು ಮಾತ್ರ ಷೇರಿಗೆ ಇಟ್ಟರು.

ಲೆಕ್ಕದ ಮಿತಿಗಳು

ಈ ಲೆಕ್ಕವೇ ವೇದವಾಕ್ಯವಲ್ಲ. ಶಿಲ್ಲರ್ ಅದನ್ನು ಬಳಸಿದ್ದು ಇಡೀ ಮಾರುಕಟ್ಟೆಯನ್ನು ಅಳೆಯಲು. ಒಂದೇ ಕಂಪನಿಗೆ ಹಚ್ಚುವಾಗ ಮೂರು ವಿಷಯ ನೋಡಿಕೊಳ್ಳಬೇಕು. ಒಂದು, ಹತ್ತು ವರ್ಷದಲ್ಲಿ ಕಂಪನಿ ಹೊಸ ಷೇರು ಮಾರಿ ಬಂಡವಾಳ ಎತ್ತಿದೆಯೇ? ಪವರ್‌ಗ್ರಿಡ್ ಹಾಗೆ ಮಾಡಿದ್ದು 2013ರಲ್ಲಿ, ನಮ್ಮ ಹತ್ತು ವರ್ಷಕ್ಕೆ ಮೊದಲು. ಎರಡು, ಬೆಳೆದ ಕಂಪನಿಯ ಹಳೆಯ ಲಾಭ ಅದರ ಇವತ್ತಿನ ಗಾತ್ರವನ್ನು ತೋರಿಸುವುದಿಲ್ಲ. ಸರಾಸರಿ ಸ್ವಲ್ಪ ಕಡಿಮೆಯೇ ಬರುತ್ತದೆ. ಮೂರು, ನಿಯಮ ಬದಲಾಗಬಹುದು. 2011ರಿಂದ ಅಂತರರಾಜ್ಯ ಪ್ರಸರಣದ ಹೊಸ ಯೋಜನೆಗಳಲ್ಲಿ ಹೆಚ್ಚಿನವು ಹರಾಜಿನ ಮೂಲಕ, ಕಡಿಮೆ ದರ ಕೇಳಿದವರಿಗೆ ಹೋಗುತ್ತಿವೆ. ಅಲ್ಲಿ ಶೇ 15.5ರ ಭರವಸೆ ಇಲ್ಲ. ಹಳೆಯ ಹತ್ತು ವರ್ಷ ಮುಂದಿನ ಹತ್ತು ವರ್ಷಕ್ಕೆ ಜಾಮೀನು ನಿಲ್ಲುವುದಿಲ್ಲ.

ಈ ಷೇರು ಕೊಳ್ಳಿ ಎಂದಾಗಲಿ, ಬಿಡಿ ಎಂದಾಗಲಿ ನಾನು ಹೇಳುತ್ತಿಲ್ಲ. ಹೇಳುತ್ತಿರುವುದು ಇಷ್ಟು: ಟೆಲಿಗ್ರಾಂ ಗುಂಪಿನಲ್ಲಿ ಯಾರೋ ‘ಪಿ/ಇ ಕಡಿಮೆ, ತಗೊಳ್ಳಿ’ ಎಂದು ಹಾಕಿದಾಗ ‘ಯಾವ ವರ್ಷದ ಲಾಭ? ಯಾವ ವರ್ಷದ ರೂಪಾಯಿ?’ ಎಂದು ಕೇಳಿ. ಬೇಕಿರುವುದು ಉಚಿತವಾಗಿ ಸಿಗುವ ವಾರ್ಷಿಕ ವರದಿ, ಸರ್ಕಾರ ಪ್ರಕಟಿಸುವ ಬೆಲೆ ಸೂಚ್ಯಂಕ, ಮೊಬೈಲ್‌ನಲ್ಲೇ ತೆರೆಯುವ ಒಂದು ಎಕ್ಸೆಲ್ ಹಾಳೆ. ಒಂದು ಸಂಜೆ ಸಾಕು.

ಷೇರು ಬೇಡವೆಂದರೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ನಮ್ಮಲ್ಲಿ ಹಲವರು ಇನ್ನೊಂದೆರಡು ವರ್ಷದಲ್ಲಿ ಕೆಲಸ ಹುಡುಕುವವರು. ಕ್ಯಾಂಪಸ್ ಸಂದರ್ಶನದಲ್ಲಿ ಕಂಪನಿಯೊಂದು ವರ್ಷಕ್ಕೆ ಮೂರೂವರೆ ಲಕ್ಷ ಎಂದರೆ, ನಮ್ಮ ಸೀನಿಯರ್‌ಗಳಿಗೆ ಅದೇ ಕಂಪನಿ ಹತ್ತು ವರ್ಷದ ಹಿಂದೆ ಎಷ್ಟು ಕೊಡುತ್ತಿತ್ತು ಎಂದು ಕೇಳಿ ನೋಡಿ. ಆ ಸಂಬಳವನ್ನು ಒಂದೂವರೆಯಿಂದ ಗುಣಿಸಿ. ಬಂದ ಉತ್ತರ ಈಗಿನ ಸಂಬಳಕ್ಕಿಂತ ದೊಡ್ಡದಾಗಿದ್ದರೆ, ಅಂಕಿ ಏರಿದ್ದರೂ ಸಂಬಳ ಇಳಿದಿದೆ ಎಂದೇ ಅರ್ಥ.